ವಿಡಿಆರ್‌ಎಲ್ ಪಾಸಿಟಿವ್ ಬಂದಿದೆ, ಮೈಯಲ್ಲಿ ಏನೂ ಇಲ್ಲ. ಚಿಕಿತ್ಸೆ ಬೇಕೇ ಬೇಕಾ?

ಬಿಳಿಮೋಡ
ಎಲ್ಲರಿಗೂ ನಮಸ್ಕಾರ. ನಿಜ ಹೆಸರು ಹೇಳದೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರು. ರಿಪೋರ್ಟಿನಲ್ಲಿ ವಿಡಿಆರ್‌ಎಲ್ ರಿಯಾಕ್ಟಿವ್, 1:16 ಅಂತ ಬಂತು. ಆಮೇಲೆ ಟಿಪಿಎಚ್‌ಎ ಅಂತ ಇನ್ನೊಂದು ಟೆಸ್ಟ್ ಮಾಡಿದರು. ಅದೂ ಪಾಸಿಟಿವ್. ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಇದೆ ಅಂದರು. ವಾರಕ್ಕೊಂದರಂತೆ ಮೂರು ವಾರ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ.

ನನಗೆ ಹುಣ್ಣಾಗಿದ್ದು ನೆನಪೇ ಇಲ್ಲ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಮದುವೆಯಾಗಿ ಆರು ವರ್ಷ ಆಯಿತು, ಒಂದು ಮಗು ಇದೆ. ಮದುವೆಗೆ ಮುಂಚೆ ಬೇರೆ ಸಂಬಂಧ ಇತ್ತು. ಆಮೇಲೆ ಯಾರೂ ಇಲ್ಲ. ಮೈಯಲ್ಲಿ ಏನೂ ಕಾಣದಿರುವಾಗ ಚಿಕಿತ್ಸೆ ಬೇಕೇ ಬೇಕಾ? ಹೆಂಡತಿಗೆ ಹೇಳಬೇಕಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಸೂಕ್ಷ್ಮದರ್ಶಕ
ಸರ್, ನಾನು ಲ್ಯಾಬಿನಲ್ಲಿ ಇದೇ ಪರೀಕ್ಷೆಗಳನ್ನು ಮಾಡುವವನು. ಚಿಕಿತ್ಸೆಯ ಮಾತು ಡಾಕ್ಟರ್ ಹೇಳಲಿ. ರಿಪೋರ್ಟ್ ಓದುವುದು ಹೇಗೆ ಅಂತ ನಾನು ಹೇಳುತ್ತೇನೆ.

ಪರೀಕ್ಷೆಯಲ್ಲಿ ಎರಡು ಜಾತಿ. ವಿಡಿಆರ್‌ಎಲ್, ಆರ್‌ಪಿಆರ್ ಒಂದು ಜಾತಿ. ಇವು ಸಿಫಿಲಿಸ್ ಬ್ಯಾಕ್ಟೀರಿಯಾವನ್ನು ನೇರವಾಗಿ ಹುಡುಕುವುದಿಲ್ಲ. ಸೋಂಕಿನಿಂದ ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏಳುವ ಪ್ರತಿಕಾಯಗಳನ್ನು ಹಿಡಿಯುತ್ತವೆ. ಹಾಗಾಗಿ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ), ಮಲೇರಿಯಾ, ಕುಷ್ಠ ಇದ್ದವರಲ್ಲೂ, ಒಮ್ಮೊಮ್ಮೆ ಗರ್ಭಿಣಿಯರಲ್ಲೂ ಸುಳ್ಳು ಪಾಸಿಟಿವ್ ಬರುವುದುಂಟು. ಟಿಪಿಎಚ್‌ಎ ಇನ್ನೊಂದು ಜಾತಿ. ಅದು ಈ ಬ್ಯಾಕ್ಟೀರಿಯಾದ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ನೋಡುತ್ತದೆ. ನಿಮಗೆ ಎರಡೂ ಬಂದಿದೆ. ಇದು ಸುಳ್ಳು ಪಾಸಿಟಿವ್ ಇರಬಹುದು ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಆ 1:16 ಏನು ಅಂತ ತುಂಬಾ ಜನ ಕೇಳುತ್ತಾರೆ. ಆರ್‌ಪಿಆರ್‌ನಲ್ಲಿ ಒಂದು ಕಾರ್ಡಿನ ಮೇಲೆ ವೃತ್ತಗಳಿರುತ್ತವೆ. ರಕ್ತದ ಸೀರಂ ಒಂದು ಹನಿ, ಅದಕ್ಕೆ ಸಣ್ಣ ಇದ್ದಿಲ ಕಣಗಳಿರುವ ಆಂಟಿಜನ್ ಒಂದು ಹನಿ. ಮೆಷಿನ್ ಮೇಲಿಟ್ಟು 8 ನಿಮಿಷ ತಿರುಗಿಸುತ್ತೇವೆ. ಪಾಸಿಟಿವ್ ಆದರೆ ಕಪ್ಪು ಕಣಗಳು ಗುಂಪುಗಟ್ಟುತ್ತವೆ, ಬರಿಗಣ್ಣಿಗೇ ಕಾಣುತ್ತದೆ. ನೆಗೆಟಿವ್ ಆದರೆ ಒಂದೇ ಸಮನೆ ಬೂದು ಬಣ್ಣ. ಆಮೇಲೆ ಸೀರಮ್ಮನ್ನು ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತೇವೆ. 1:2, 1:4, 1:8, 1:16. ವಿಡಿಆರ್‌ಎಲ್‌ನಲ್ಲೂ ಕ್ರಮ ಇದೇ, ನೋಡುವುದು ಮಾತ್ರ ಮೈಕ್ರೋಸ್ಕೋಪ್ ಕೆಳಗೆ. ಎಷ್ಟು ತೆಳು ಮಾಡಿದರೂ ಗುಂಪುಗಟ್ಟುವುದು ಕಾಣುತ್ತದೋ ಆ ಕೊನೆಯ ಅಂಕಿಯೇ ಟೈಟರ್.

ಚಿಕಿತ್ಸೆ ನಾಟಿತೋ ಇಲ್ಲವೋ ಅಂತ ತಿಳಿಯುವುದು ಈ ಅಂಕಿ ಇಳಿಯುವುದರಿಂದಲೇ. ಆದ್ದರಿಂದ ಈ ರಿಪೋರ್ಟ್ ಎಸೆಯಬೇಡಿ. ಮುಂದೆಯೂ ಆದಷ್ಟು ಇದೇ ಲ್ಯಾಬಿನಲ್ಲಿ, ಇದೇ ಟೆಸ್ಟ್ ಮಾಡಿಸಿ. ವಿಡಿಆರ್‌ಎಲ್ ಅಂಕಿಯನ್ನು ಆರ್‌ಪಿಆರ್ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.

ಚರ್ಮವೈದ್ಯೆ
ಬಿಳಿಮೋಡ ಅವರೇ, ಚಿಕಿತ್ಸೆ ಬೇಕೇ ಬೇಕು. ಪೂರ್ತಿ ವಾಸಿಯಾಗುವ ಕಾಯಿಲೆ ಇದು. ಮೊದಲು ಅದನ್ನು ಮನಸ್ಸಿಗೆ ತಂದುಕೊಳ್ಳಿ.

ಹುಣ್ಣು ನೆನಪಿಲ್ಲ ಅಂದಿರಿ. ನನ್ನ ಹತ್ತಿರ ಬರುವ ಎಷ್ಟೋ ಜನ ಇದನ್ನೇ ಹೇಳುತ್ತಾರೆ, ಅದು ನಿಜವೂ ಹೌದು. ಸೋಂಕು ತಗುಲಿದ ಮೇಲೆ 10ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ, ಬ್ಯಾಕ್ಟೀರಿಯಾ ಒಳಗೆ ಹೊಕ್ಕ ಜಾಗದಲ್ಲಿ ಒಂದು ಹುಣ್ಣು ಏಳುತ್ತದೆ. ಅಂಚು ಮುಟ್ಟಿದರೆ ಗಟ್ಟಿ. ನೋವು ಇರುವುದಿಲ್ಲ. ಗುದದ್ವಾರದ ಒಳಗೋ, ಯೋನಿಯ ಒಳಗೋ, ಗಂಟಲಲ್ಲೋ ಆದರೆ ಯಾರಿಗೆ ಕಾಣುತ್ತದೆ ಹೇಳಿ? ಮೂರರಿಂದ ಆರು ವಾರದಲ್ಲಿ ಏನೂ ಮಾಡದಿದ್ದರೂ ಒಣಗಿ ಹೋಗುತ್ತದೆ. ಈ ಕಾಯಿಲೆ ಜನರಿಗೆ ಮೋಸ ಮಾಡುವುದು ಇಲ್ಲೇ. ಹುಣ್ಣು ಹೋಯಿತು, ಕಾಯಿಲೆಯೂ ಹೋಯಿತು ಅಂದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಅಷ್ಟರಲ್ಲಿ ರಕ್ತದಲ್ಲಿ ಮೈಯೆಲ್ಲಾ ಹರಡಿರುತ್ತದೆ.

ಎರಡನೇ ಹಂತದಲ್ಲಿ ಮೈಮೇಲೆ ಕಲೆ, ದದ್ದು. ಅಂಗೈ, ಅಂಗಾಲಿನಲ್ಲೂ ಬರಬಹುದು. ಜ್ವರ, ಗಂಟಲು ನೋವು, ಕತ್ತು ಮತ್ತು ತೊಡೆಸಂದಿನಲ್ಲಿ ಗಂಟು, ಅಲ್ಲಲ್ಲಿ ಕೂದಲು ಉದುರುವುದು. ಅದೂ ತಾನಾಗಿಯೇ ಹೋಗುತ್ತದೆ. ಆಮೇಲೆ ಸುಮ್ಮನಿರುವ ಹಂತ. ನೀವು ಈಗ ಇರುವುದು ಬಹುಶಃ ಇಲ್ಲೇ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟವರಲ್ಲಿ ಕೆಲವರಿಗೆ 10, 20, 30 ವರ್ಷ ಕಳೆದ ಮೇಲೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಿದುಳು, ನರ, ಮೂಳೆ ಹಾಳಾಗುತ್ತವೆ. ಹಾಳಾಗಿದ್ದನ್ನು ಆಗ ಇಂಜೆಕ್ಷನ್ ಸರಿಮಾಡುವುದಿಲ್ಲ. ಮುಂದಿನ ಹಾನಿಯನ್ನು ಮಾತ್ರ ತಡೆಯುತ್ತದೆ.

ಒಂದು ಮಾತು ಕೇಳಲೇಬೇಕು. ಕಣ್ಣು ಮಂಜಾಗಿದೆಯಾ? ಇದ್ದಕ್ಕಿದ್ದಂತೆ ಕಿವಿ ಮಂದವಾಗಿದೆಯಾ? ಬಿಡದ ತಲೆನೋವು, ನಡೆಯುವಾಗ ತೂರಾಟ ಏನಾದರೂ? ಈ ಸೋಂಕು ಯಾವ ಹಂತದಲ್ಲಾದರೂ ಕಣ್ಣಿಗೆ, ಕಿವಿಗೆ, ಮಿದುಳಿಗೆ ನುಗ್ಗಬಹುದು. ಹಾಗಿದ್ದರೆ ಈಗ ಬರೆದಿರುವ ಇಂಜೆಕ್ಷನ್ ಸಾಲದು. ಆಸ್ಪತ್ರೆಗೆ ಸೇರಿ 10ರಿಂದ 14 ದಿನ ರಕ್ತನಾಳದ ಮೂಲಕ ಪೆನಿಸಿಲಿನ್ ತೆಗೆದುಕೊಳ್ಳಬೇಕು. ಅಂಥದ್ದೇನಾದರೂ ಇದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಇವತ್ತೇ ಹೋಗಿ.

ಹೆಂಡತಿಗೆ ಹೇಳಲೇಬೇಕು. ಅವರಿಗೂ ರಕ್ತ ಪರೀಕ್ಷೆ ಆಗಲಿ. ಅವರು ಬಸುರಿಯಾಗಿದ್ದಾಗ ಮಾಡಿಸಿದ ಹಳೆಯ ರಿಪೋರ್ಟುಗಳನ್ನು ಹುಡುಕಿ. ಅದರಲ್ಲಿ ವಿಡಿಆರ್‌ಎಲ್ ಇದ್ದೇ ಇರಬಹುದು. ಅವರಿಗೆ ಪಾಸಿಟಿವ್ ಬಂದರೆ ಮಗುವನ್ನೂ ತೋರಿಸಬೇಕು.

ಬಿಳಿಮೋಡ
ಕಣ್ಣು, ಕಿವಿ ಸರಿ ಇವೆ ಮೇಡಂ. ತಲೆನೋವಿಲ್ಲ. ಮೂರು ಇಂಜೆಕ್ಷನ್ ಯಾಕೆ? ನನ್ನ ಸ್ನೇಹಿತರೊಬ್ಬರು ಅಜಿತ್ರೋಮೈಸಿನ್ ಮಾತ್ರೆ ನುಂಗಿದರೆ ಸಾಕು ಅಂದರು.

ಚರ್ಮವೈದ್ಯೆ
ಬೇಡ. ಸಿಫಿಲಿಸ್ ಬ್ಯಾಕ್ಟೀರಿಯಾ ಜಗತ್ತಿನ ಹಲವು ಕಡೆ ಅಜಿತ್ರೋಮೈಸಿನ್‌ಗೆ ಬಗ್ಗುವುದನ್ನು ನಿಲ್ಲಿಸಿದೆ. ಪೆನಿಸಿಲಿನ್‌ಗೆ ಮಾತ್ರ ಇಷ್ಟು ವರ್ಷ ಬಳಸಿದರೂ ಬಗ್ಗುತ್ತಲೇ ಇದೆ.

ಮೂರು ಯಾಕೆ ಅಂದರೆ, ಈ ಬ್ಯಾಕ್ಟೀರಿಯಾ ತುಂಬಾ ನಿಧಾನ. ಒಂದು ಎರಡಾಗಲು 30 ಗಂಟೆಗಿಂತ ಜಾಸ್ತಿ ಬೇಕು. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯಲ್ಲಿ ಎರಡಾಗುತ್ತವೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವಾಗ. ಹಾಗಾಗಿ ಔಷಧ ರಕ್ತದಲ್ಲಿ ದಿನಗಟ್ಟಲೆ ಇರಬೇಕು. ಬೆಂಜಾಥೀನ್ ಪೆನಿಸಿಲಿನ್ ಸ್ನಾಯುವಿನಲ್ಲಿ ಕೂತು ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಸೋಂಕು ಹೊಸದಾಗಿದ್ದರೆ ಒಂದೇ ಸಲ 24 ಲಕ್ಷ ಯೂನಿಟ್ ಸಾಕು. ಹಳೆಯದಾಗಿದ್ದರೆ ಅಥವಾ ಯಾವಾಗ ಬಂತು ಅಂತಲೇ ಗೊತ್ತಿಲ್ಲದಿದ್ದರೆ ವಾರಕ್ಕೊಮ್ಮೆ ಮೂರು ಸಲ. ನಿಮ್ಮ ಡಾಕ್ಟರ್ ಬರೆದದ್ದು ಸರಿಯಾಗಿಯೇ ಇದೆ. ವಾರ ತಪ್ಪಿಸಬೇಡಿ. ನಡುವೆ ಜಾಸ್ತಿ ದಿನ ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬಹುದು. ನಿಮ್ಮಂಥವರಿಗೆ ಅದು 28 ದಿನ, ದಿನಕ್ಕೆರಡು ಸಲ.

ರಾತ್ರಿಪಾಳಿ
ನಾನು ನರ್ಸ್. ಈ ಇಂಜೆಕ್ಷನ್ ಕೊಟ್ಟೂ ಕೊಟ್ಟೂ ಅಭ್ಯಾಸ. ಅಣ್ಣ, ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಔಷಧ ಹಾಲಿನಷ್ಟು ಬೆಳ್ಳಗೆ, ಆದರೆ ದಪ್ಪ. ಕಲಸಿ ಸ್ವಲ್ಪ ಹೊತ್ತು ಬಿಟ್ಟರೂ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ದಪ್ಪ ಸೂಜಿ. ಸಾಮಾನ್ಯವಾಗಿ ಎರಡು ಭಾಗ ಮಾಡಿ ಎರಡೂ ಕಡೆ ಪಿರ್ರೆಗೆ ಕೊಡುತ್ತೇವೆ. ಕೊಡುವಾಗ ಕಾಲನ್ನು ಬಿಗಿ ಹಿಡಿಯಬೇಡಿ, ಕಾಲ್ಬೆರಳುಗಳನ್ನು ಒಳಗೆ ತಿರುಗಿಸಿ ಮಲಗಿ. ಸ್ನಾಯು ಸಡಿಲ ಬಿಟ್ಟರೆ ನೋವು ಕಡಿಮೆ. ಆಮೇಲೆ ತಕ್ಷಣ ಎದ್ದು ಹೋಗಬೇಡಿ. ಅಲರ್ಜಿ ಆದರೆ ನೋಡಿಕೊಳ್ಳಲು ಅರ್ಧ ಗಂಟೆ ಅಲ್ಲೇ ಕೂತಿರಿ.

ಆ ದಿನ ಸಂಜೆಯೋ ರಾತ್ರಿಯೋ ಚಳಿ ಜ್ವರ, ಮೈಕೈ ನೋವು, ತಲೆನೋವು ಬರಬಹುದು. ಸತ್ತ ಬ್ಯಾಕ್ಟೀರಿಯಾದಿಂದ ದೇಹ ಹಾಗೆ ಆಡುತ್ತದೆ. ಹೊಸ ಸೋಂಕಿದ್ದವರಿಗೆ ಜಾಸ್ತಿ, ನಿಮ್ಮಂಥವರಿಗೆ ಕಡಿಮೆ. ಒಂದು ದಿನದಲ್ಲಿ ಇಳಿಯುತ್ತದೆ. ಇದು ಅಲರ್ಜಿ ಅಲ್ಲ, ಇದಕ್ಕೆ ಹೆದರಿ ಎರಡನೇ ಡೋಸ್ ಬಿಡಬೇಡಿ. ಮೈ ತುರಿಕೆ, ತುಟಿ ಊತ, ಉಸಿರು ಕಟ್ಟುವುದು ಆದರೆ ಮಾತ್ರ ಅದು ಅಲರ್ಜಿ. ಆಗ ಓಡಿ ಬನ್ನಿ.

ಅಲೆಮಾರಿ
ಅಂಗೈ ಕಲೆಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಎರಡೂ ಅಂಗೈಯಲ್ಲಿ ತಾಮ್ರದ ಬಣ್ಣದ ಚುಕ್ಕಿಗಳು ಎದ್ದಿದ್ದವು. ತುರಿಕೆ ಇರಲಿಲ್ಲ. ಅಂಚಿನಲ್ಲಿ ಸಣ್ಣಗೆ ಸಿಪ್ಪೆ ಏಳುತ್ತಿತ್ತು. ಅಂಗಾಲಿನಲ್ಲೂ ಅದೇ. ಸೋಪಿನ ಅಲರ್ಜಿ ಅಂತ ಒಬ್ಬರು ಮುಲಾಮು ಕೊಟ್ಟರು. ಇನ್ನೊಬ್ಬ ಡಾಕ್ಟರ್ ಅಂಗೈ ನೋಡಿದ ಕೂಡಲೇ ಬಾಗಿಲು ಹಾಕಿ, ಲೈಂಗಿಕ ಸಂಪರ್ಕದ ಬಗ್ಗೆ ನಿಧಾನವಾಗಿ ಕೇಳಿದರು. ರಕ್ತ ಕೊಟ್ಟೆ, ಟೈಟರ್ 1:64. ಒಂದು ಸಲ ಇಂಜೆಕ್ಷನ್ ಆಯಿತು, ಕಲೆ ಹೋಯಿತು, ಅಂಕಿಯೂ ಇಳಿಯಿತು.

ಅವರು ಕೇಳಿದ ರೀತಿಗೆ ನಾನು ಇವತ್ತಿಗೂ ಋಣಿ. ಬೈಯಲಿಲ್ಲ, ಮುಖ ಕಿವುಚಲಿಲ್ಲ. ಡಾಕ್ಟರುಗಳು ಹಾಗೆ ಕೇಳಿದರೆ ಜನ ನಿಜ ಹೇಳುತ್ತಾರೆ, ಅಲ್ವಾ?

ಹಳೆಪುಟ
ವೈದ್ಯಕೀಯ ಇತಿಹಾಸ ಓದುವ ಹುಚ್ಚು ನನಗೆ. ಈ ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಾಗಿದ್ದೇ 1905ರಲ್ಲಿ. ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಮೈಕ್ರೋಸ್ಕೋಪಿನಲ್ಲಿ ಸುರುಳಿ ಸುರುಳಿಯಾದ ಸಣ್ಣ ಜೀವಿಯನ್ನು ಕಂಡರು. ಅದಕ್ಕೆ ಮೊದಲು ನೂರಾರು ವರ್ಷ ಪಾದರಸ ಹಚ್ಚುವುದೇ ಚಿಕಿತ್ಸೆ. ಕಾಯಿಲೆಗಿಂತ ಪಾದರಸವೇ ಎಷ್ಟೋ ಜನರನ್ನು ಕೊಂದಿರಬೇಕು. 1910ರಲ್ಲಿ ಪಾಲ್ ಎರ್ಲಿಕ್ ಅವರ ಸಾಲ್ವರ್ಸಾನ್ ಬಂತು, ಅದರಲ್ಲಿ ಇದ್ದದ್ದು ಆರ್ಸೆನಿಕ್. 1943ರಲ್ಲಿ ಅಮೆರಿಕದ ಜಾನ್ ಮಹೋನಿ ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿ ಮಾಡಿ ತೋರಿಸಿದರು.

ಅದೇ ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪು ಜನರಿಗೆ ಸಿಫಿಲಿಸ್ ಇದೆ ಅಂತ ಗೊತ್ತಿದ್ದೂ, ಅವರಿಗೆ ನಿಜ ಹೇಳದೆ, ಚಿಕಿತ್ಸೆ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ಸುಮ್ನೆ ನೋಡುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಜನಕ್ಕೆ ಸಿಗದೇ ಹೋದ ಔಷಧ ಇವತ್ತು ನಮ್ಮ ಕೈಗೆ ಸಿಗುತ್ತಿದೆ. ತೆಗೆದುಕೊಳ್ಳಿ ಸರ್.

ಹೊಸಚಿಗುರು
ನನಗೀಗ ಐದನೇ ತಿಂಗಳು. ನಿನ್ನೆ ರಿಪೋರ್ಟ್ ಬಂತು, ವಿಡಿಆರ್‌ಎಲ್ 1:4. ಟಿಪಿಎಚ್‌ಎ ಇನ್ನೂ ಬಂದಿಲ್ಲ. ಮಗುವಿಗೆ ಏನಾದರೂ ಆಗುತ್ತದಾ ಮೇಡಂ? ಅಳು ನಿಲ್ಲುತ್ತಿಲ್ಲ.

ಚರ್ಮವೈದ್ಯೆ
ಧೈರ್ಯ ತಂದುಕೋ ತಾಯಿ. 1:4 ಕಡಿಮೆ ಅಂಕಿ. ಗರ್ಭಿಣಿಯರಲ್ಲಿ ಸುಳ್ಳು ಪಾಸಿಟಿವ್ ಕೂಡ ಬರುವುದುಂಟು. ಟಿಪಿಎಚ್‌ಎ ಬಂದರೆ ಗೊತ್ತಾಗುತ್ತದೆ. ಆದರೆ ರಿಪೋರ್ಟ್ ತಡವಾದರೆ ಕಾಯುತ್ತಾ ಕೂರಬೇಡಿ, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಅದೂ ಪಾಸಿಟಿವ್ ಬಂದರೆ ಪೆನಿಸಿಲಿನ್ ಮಾತ್ರ. ಅದು ಮಾಸು ದಾಟಿ ಮಗುವಿಗೂ ತಲುಪುತ್ತದೆ, ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗುತ್ತದೆ. ಡಾಕ್ಸಿಸೈಕ್ಲಿನ್ ಬಸುರಿಯಲ್ಲಿ ಕೊಡುವುದಿಲ್ಲ. ಬೇರೆ ಮಾತ್ರೆಗಳನ್ನು ಮಗುವಿನ ವಿಷಯದಲ್ಲಿ ನಂಬುವ ಹಾಗಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದರೂ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಚೂರುಚೂರೇ ಕೊಟ್ಟು ದೇಹಕ್ಕೆ ಒಗ್ಗಿಸಿ, ಆಮೇಲೆ ಅದನ್ನೇ ಕೊಡುತ್ತಾರೆ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಶುರುವಾಗಿರಬೇಕು. ನಿಮಗೆ ಇನ್ನೂ ತಿಂಗಳುಗಳೇ ಇವೆ. ಗಂಡನಿಗೂ ಪರೀಕ್ಷೆ ಆಗಲಿ, ಇಲ್ಲದಿದ್ದರೆ ಮತ್ತೆ ಅಂಟಬಹುದು.

ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ಹೊಟ್ಟೆಯಲ್ಲೇ ಮಗು ಹೋಗುವುದು, ಹುಟ್ಟಿದ ಮಗುವಿಗೆ ಸೋಂಕು, ಇದೆಲ್ಲ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 80 ಲಕ್ಷ ವಯಸ್ಕರಿಗೆ ಹೊಸದಾಗಿ ಸಿಫಿಲಿಸ್ ಬಂತು. ತಾಯಿಯಿಂದ ಮಗುವಿಗೆ ದಾಟಿದ ಪ್ರಕರಣ ಸುಮಾರು 7 ಲಕ್ಷ. ಒಂದು ರಕ್ತ ಪರೀಕ್ಷೆ, ಒಂದು ಹಳೆಯ ಇಂಜೆಕ್ಷನ್ ಇದ್ದರೆ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದಿತ್ತು. ಇದನ್ನು ಯೋಚಿಸಿದರೆ ನನಗೆ ಸಿಟ್ಟೇ ಬರುತ್ತದೆ. ಕ್ಯೂಬಾ 2015ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ಎರಡೂ ದಾಟುವುದನ್ನು ನಿಲ್ಲಿಸಿ ತೋರಿಸಿದೆ. ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಗುಬ್ಬಿಗೂಡು
ಟಾಯ್ಲೆಟ್ ಸೀಟಿನಿಂದ, ಟವೆಲಿನಿಂದ ಬರುತ್ತದಾ? ಮನೆಯಲ್ಲಿ ಎಲ್ಲರೂ ಒಂದೇ ಬಳಸುತ್ತೇವೆ.

ಚರ್ಮವೈದ್ಯೆ
ಬರುವುದಿಲ್ಲ. ಈ ಬ್ಯಾಕ್ಟೀರಿಯಾ ಮೈಯಿಂದ ಹೊರಗೆ ಬದುಕಲಾರದು. ತಟ್ಟೆ ಲೋಟ, ಬಟ್ಟೆ, ಈಜುಕೊಳ ಯಾವುದರಿಂದಲೂ ಬರುವುದಿಲ್ಲ.

ತಿಳಿನೀರು
ನಾನು ಗಂಡಸು, ನನ್ನ ಸಂಗಾತಿಗಳೂ ಗಂಡಸರು. ಕಾಂಡೋಮ್ ಬಳಸುತ್ತೇನೆ, ಆದರೆ ಓರಲ್ ಸೆಕ್ಸ್‌ನಲ್ಲಿ ಬಳಸುವುದಿಲ್ಲ. ಅದರಿಂದಲೂ ಬರಬಹುದಾ? ಸಂಪರ್ಕ ಆದ ಮೇಲೆ ಡಾಕ್ಸಿ ನುಂಗಬಹುದು ಅಂತಲೂ ಓದಿದೆ.

ಚರ್ಮವೈದ್ಯೆ
ಬರಬಹುದು. ತುಟಿ, ನಾಲಿಗೆ, ಗಂಟಲಿನಲ್ಲಿ ಹುಣ್ಣಾದವರನ್ನು ನೋಡಿದ್ದೇನೆ. ಬಾಯಲ್ಲಿ ಹುಣ್ಣಿದ್ದರೆ ಮುತ್ತಿನಿಂದಲೂ ದಾಟಬಹುದು. ಕಾಂಡೋಮ್ ಅಪಾಯವನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚಿದ ಜಾಗವನ್ನು ಮಾತ್ರ ಕಾಯುತ್ತದೆ. ಬುಡದಲ್ಲೋ ವೃಷಣದ ಚೀಲದ ಮೇಲೋ ಹುಣ್ಣಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಅದಕ್ಕೇ ಕಾಂಡೋಮ್ ಜೊತೆಗೆ ಪರೀಕ್ಷೆಯೂ ಬೇಕು. ಹೊಸ ಸಂಗಾತಿಗಳು ಇರುವವರು ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸಿ. ಜೊತೆಗೆ ಎಚ್‌ಐವಿ, ಗೊನೊರಿಯಾ, ಕ್ಲಮಿಡಿಯಾ ಕೂಡ. ಹುಣ್ಣಿದ್ದಾಗ ಎಚ್‌ಐವಿ ಒಳಹೊಗುವುದು ಸುಲಭ.

ಡಾಕ್ಸಿ ವಿಷಯ ನಿಜ. ಸಂಪರ್ಕ ಆದ 72 ಗಂಟೆಯೊಳಗೆ 200 ಮಿಲಿಗ್ರಾಂ ಒಂದೇ ಸಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಕಳೆದ ಒಂದು ವರ್ಷದಲ್ಲಿ ಸಿಫಿಲಿಸ್, ಗೊನೊರಿಯಾ ಅಥವಾ ಕ್ಲಮಿಡಿಯಾ ಬಂದಿದ್ದ, ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ ಮತ್ತು ಟ್ರಾನ್ಸ್ ಮಹಿಳೆಯರಿಗೆ ಅದು ಅನ್ವಯ. ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ. ಡಾಕ್ಟರ ಜೊತೆ ಕೂತು ಮಾತಾಡಿ. ಇದು ಎಚ್‌ಐವಿ ತಡೆಯುವುದಿಲ್ಲ, ಅದಕ್ಕೆ ಪ್ರೆಪ್ ಅನ್ನುವ, ಸಂಪರ್ಕಕ್ಕೆ ಮುಂಚೆಯೇ ತೆಗೆದುಕೊಳ್ಳುವ ಔಷಧ ಬೇರೆಯೇ ಇದೆ. ಮತ್ತೆ, ನಿಮ್ಮ ವಿಷಯ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲು ಆಗುವಂಥ ಡಾಕ್ಟರನ್ನು ಹುಡುಕಿಕೊಳ್ಳಿ. ಅದೂ ಚಿಕಿತ್ಸೆಯ ಭಾಗವೇ.

ಕಿವಿಗೊಡುವೆ
ಬಿಳಿಮೋಡ ಅವರಿಗೆ. ನಾನು ಆಪ್ತಸಲಹೆ ಮಾಡುವವಳು. ಹೆಂಡತಿಗೆ ಹೇಳುವುದು ಹೇಗೆ ಅಂತ ಕೇಳಲು ನಿಮಗೆ ಸಂಕೋಚ ಇರಬಹುದು. ರಿಪೋರ್ಟ್ ಕೈಯಲ್ಲಿ ಹಿಡಿದೇ ಹೇಳಿ. ಮಗು ಮಲಗಿದ ಮೇಲೆ, ಫೋನ್ ಪಕ್ಕಕ್ಕಿಟ್ಟು. "ಆಪರೇಷನ್ ಟೆಸ್ಟಿನಲ್ಲಿ ಒಂದು ಸೋಂಕು ಸಿಕ್ಕಿದೆ, ಬಹಳ ವರ್ಷ ಹಿಂದೆ ಬಂದಿರಬೇಕು ಅಂತಾರೆ, ವಾಸಿಯಾಗುತ್ತದೆ, ನಿನಗೂ ಒಂದು ಟೆಸ್ಟ್ ಬೇಕು" ಅಂತ ನಾಲ್ಕು ಮಾತು ಮೊದಲು. ಅವರು ಕೇಳಿದ್ದಕ್ಕೆ ನಿಜ ಹೇಳಿ. ಸಿಟ್ಟು ಬರುತ್ತದೆ, ಬರಲಿ. ಅವರ ಸಿಟ್ಟು ಇಳಿಸುವ ಆತುರದಲ್ಲಿ ಸುಳ್ಳು ಸೇರಿಸಬೇಡಿ. ಒಬ್ಬರೇ ಹೇಳಲು ಆಗದಿದ್ದರೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ, ಅಲ್ಲೇ ಮಾತಾಡಿ.

ಯಾರು ಯಾರಿಗೆ ತಂದರು ಅನ್ನುವ ಲೆಕ್ಕ ರಕ್ತ ಪರೀಕ್ಷೆಯಿಂದ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲು ಟೆಸ್ಟ್ ಆದವರ ತಲೆಗೇ ಕಟ್ಟುತ್ತಾರೆ. ಜಾಸ್ತಿ ಸಲ ಹೆಂಗಸರ ತಲೆಗೆ, ಬಸುರಿಯಲ್ಲಿ ಅವರಿಗೇ ಮೊದಲು ಟೆಸ್ಟ್ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ. ಇದು ಅನ್ಯಾಯ. ಹೊಸಚಿಗುರು, ನಿಮಗೂ ಈ ಮಾತು.

ಬಿಳಿಮೋಡ
ಹೇಳಿದೆ. ತುಂಬಾ ಹೊತ್ತು ಮಾತಾಡಲೇ ಇಲ್ಲ ಅವಳು. ಮಾರನೇ ದಿನ ತಾನೇ ಹಳೆಯ ಫೈಲ್ ತೆಗೆದು ಕೂತಳು. ಬಸುರಿಯಲ್ಲಿ ಮಾಡಿದ ವಿಡಿಆರ್‌ಎಲ್ ನೆಗೆಟಿವ್ ಇತ್ತು. ಈಗಿನದೂ, ಟಿಪಿಎಚ್‌ಎ ಸಮೇತ, ನೆಗೆಟಿವ್ ಬಂದಿದೆ. ಮಗುವಿಗೆ ಏನೂ ಬೇಕಿಲ್ಲ ಅಂದರು. ನನ್ನ ಎಚ್‌ಐವಿ ಟೆಸ್ಟೂ ನೆಗೆಟಿವ್. ಮೊದಲ ಇಂಜೆಕ್ಷನ್ ಆಗಿದೆ, ಅಕ್ಕ ಹೇಳಿದ ಹಾಗೆ ಬೆರಳು ಒಳಗೆ ತಿರುಗಿಸಿ ಮಲಗಿದ್ದೆ. ಇನ್ನು ಮುಂದೆ ಟಿಪಿಎಚ್‌ಎ ಯಾವಾಗ ನೆಗೆಟಿವ್ ಆಗುತ್ತದೆ?

ಸೂಕ್ಷ್ಮದರ್ಶಕ
ಬಹುತೇಕರಲ್ಲಿ ಆಗುವುದೇ ಇಲ್ಲ ಸರ್, ಜೀವನಪೂರ್ತಿ ಪಾಸಿಟಿವ್. ಕಾಯಿಲೆ ಉಳಿದಿದೆ ಅಂತ ಅರ್ಥ ಅಲ್ಲ. ನೋಡಬೇಕಾದ್ದು ವಿಡಿಆರ್‌ಎಲ್. 1:16 ಇದ್ದದ್ದು 1:4ಕ್ಕೆ ಬಂದರೆ ಚಿಕಿತ್ಸೆ ಚೆನ್ನಾಗಿ ನಾಟಿದೆ ಅಂತ. 6, 12, 24 ತಿಂಗಳಿಗೆ ಮಾಡಿಸಿ. ಹಳೆಯ ಸೋಂಕಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಕೆಲವರಲ್ಲಿ ಸಣ್ಣ ಅಂಕಿಯಲ್ಲಿ ಹಾಗೇ ನಿಂತುಬಿಡುತ್ತದೆ. ಇಂಜೆಕ್ಷನ್ ಹಾಕಿದ ದಿನಾಂಕಗಳನ್ನು ಬರೆಸಿಟ್ಟುಕೊಳ್ಳಿ. ಮುಂದೆ ಯಾರಾದರೂ ಪಾಸಿಟಿವ್ ಅಂದರೆ ಅದನ್ನೇ ತೋರಿಸಬಹುದು.

ಚರ್ಮವೈದ್ಯೆ
ಒಂದು ಸೇರಿಸುತ್ತೇನೆ. ಒಮ್ಮೆ ಬಂದು ವಾಸಿಯಾದರೆ ಇನ್ನು ಬರುವುದಿಲ್ಲ ಅಂತಿಲ್ಲ. ಸೋಂಕಿರುವವರ ಜೊತೆ ಸಂಪರ್ಕ ಆದರೆ ಮತ್ತೆ ಬರಬಹುದು. ಇಳಿದ ಅಂಕಿ ನಾಲ್ಕು ಪಟ್ಟು ಏರಿದರೆ ಹೊಸ ಸೋಂಕಿನ ಅನುಮಾನ ಪಡಬೇಕು.

ಒಂದುಪ್ರಶ್ನೆ
ಇದನ್ನೆಲ್ಲ ಓದಿ ಈಗ ಬರೆಯುತ್ತಿದ್ದೇನೆ. ನನಗೆ ಶಿಶ್ನದ ಮೇಲೆ ನೋವಿಲ್ಲದ ಒಂದು ಹುಣ್ಣು ಎದ್ದು ಐದಾರು ದಿನ ಆಯಿತು. ವಿಡಿಆರ್‌ಎಲ್ ಮಾಡಿಸಿದೆ, ನೆಗೆಟಿವ್. ಹಾಗಾದರೆ ಬೇರೆ ಏನೋ ಅಂತ ಬಿಡಬಹುದಾ?

ಚರ್ಮವೈದ್ಯೆ
ಬಿಡಬೇಡಿ. ಹುಣ್ಣೆದ್ದ ಮೊದಲ ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯ ಇನ್ನೂ ಎದ್ದಿರುವುದಿಲ್ಲ. ನೆಗೆಟಿವ್ ಬರುವುದು ಮಾಮೂಲು. ಹುಣ್ಣು ಒಣಗುವ ಮುಂಚೆಯೇ ಚರ್ಮ ಮತ್ತು ಲೈಂಗಿಕ ರೋಗದ ಡಾಕ್ಟರಿಗೆ ತೋರಿಸಿ. ಹುಣ್ಣಿನ ರಸ ತೆಗೆದು ನೇರವಾಗಿ ಬ್ಯಾಕ್ಟೀರಿಯಾ ನೋಡುವ ಪರೀಕ್ಷೆ, ಪಿಸಿಆರ್ ಎಲ್ಲ ಇವೆ. ನೋಡಿದರೆ ಸಿಫಿಲಿಸ್ ಅನಿಸಿದರೆ ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಕೊಡುತ್ತಾರೆ. ರಕ್ತ ಪರೀಕ್ಷೆಯನ್ನು ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಮಾಡಿಸಿ. ಈ ಹಂತದಲ್ಲಿ ತುಂಬಾ ಸುಲಭವಾಗಿ ಅಂಟುತ್ತದೆ. ಹುಣ್ಣು ಪೂರ್ತಿ ವಾಸಿಯಾಗುವವರೆಗೆ, ಇಂಜೆಕ್ಷನ್ ಆಗಿ ಒಂದು ವಾರವಾದರೂ ಕಳೆಯುವವರೆಗೆ ಯಾರ ಜೊತೆಗೂ ಸಂಪರ್ಕ ಬೇಡ. ಕಳೆದ ಮೂರು ತಿಂಗಳಲ್ಲಿ ಜೊತೆಗಿದ್ದವರಿಗೆ ಹೇಳಿ. ಅವರ ಟೆಸ್ಟ್ ನೆಗೆಟಿವ್ ಇದ್ದರೂ ಚಿಕಿತ್ಸೆ ಬೇಕಾಗಬಹುದು.

ಒಂದುಪ್ರಶ್ನೆ
ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಇಬ್ಬರಿಗೆ ಹೇಳಬೇಕು. ಅಲ್ಲಿವರೆಗೆ ಹುಣ್ಣಿಗೆ ಏನಾದರೂ ಹಚ್ಚಲಾ ಮೇಡಂ?

ಚರ್ಮವೈದ್ಯೆ
ಏನೂ ಹಚ್ಚಬೇಡಿ. ಮುಲಾಮು, ಪೌಡರ್ ಯಾವುದೂ ಬೇಡ, ಪರೀಕ್ಷೆ ಕೆಡುತ್ತದೆ. ಸುಮ್ನೆ ನೀರಲ್ಲಿ ತೊಳೆದುಕೊಳ್ಳಿ. ಮನೆಯಲ್ಲಿರುವ ಆಂಟಿಬಯಾಟಿಕ್ ಮಾತ್ರೆಯನ್ನೂ ನುಂಗಬೇಡಿ. ಅಲ್ಲಿ ಎಚ್‌ಐವಿ ಟೆಸ್ಟನ್ನೂ ನೀವೇ ಕೇಳಿ ಮಾಡಿಸಿಕೊಳ್ಳಿ.